ದಿವಾದಿಂದ ಹಿಂದಕ್ಕೆ ಹೊರಟ ಹರಿಣಾಕ್ಷಿ

ದಿವಾ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಮುಂಬಯಿಯ ಕಡೆಗೆ ಹೋಗಬೇಕಾದವರು ಮೊದಲು ಮುಂಬಯಿಗೆ ಬೆನ್ನು ಹಾಕಿ ಹೊರಡುತ್ತಾರೆ. ಹೊಸಬರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಥಾಣೆಯ ಕಡೆಗೆ ಹೋಗುವ ಲೋಕಲ್ ಗಾಡಿ ದಿವಾಕ್ಕೆ ಬರುವಷ್ಟರಲ್ಲಿ ಕಲ್ಯಾಣದವರೂ ಡೊಂಬಿವಲಿಯವರೂ ತುಂಬಿಕೊಂಡು, ಬಾಗಿಲಲ್ಲಿ ಒಂದು ಕಾಲಿಡುವುದಕ್ಕೂ ಜಾಗ ಇರುವುದಿಲ್ಲ. ಆದ್ದರಿಂದ ದಿವಾದ ಜನ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಡೊಂಬಿವಲಿಯವರೆಗೆ ಮಾತ್ರ ಹೋಗಿ ಅಲ್ಲಿಂದಲೇ ಹಿಂತಿರುಗುವ ಖಾಲಿ ಗಾಡಿಯನ್ನು ಹಿಡಿಯುತ್ತಾರೆ. ಹಿಂದಕ್ಕೆ ಎರಡು ಸ್ಟೇಷನ್ ಹೋಗಿ, ಕುಳಿತ ಸೀಟು ಬಿಡದೆ, ಅದೇ ಗಾಡಿಯಲ್ಲಿ ಮತ್ತೆ ದಿವಾವನ್ನೇ ಹಾದು ಮುಂದೆ ಸಾಗುತ್ತಾರೆ. ಇದಕ್ಕೆ ಇಲ್ಲಿಯವರು ‘ರಿಟರ್ನ್ ಹೋಗುವುದು’ ಎನ್ನುತ್ತಾರೆ. ಡೊಂಬಿವಲಿಯಲ್ಲಿ ಹತ್ತುವ ಹೆಂಗಸರಿಗೆ ಈ ರಿಟರ್ನಿನವರನ್ನು ಕಂಡರೆ ಮೈಯೆಲ್ಲ ಉರಿ. ತಮ್ಮ ಊರಿನಲ್ಲಿ ಹುಟ್ಟುವ ಗಾಡಿಯಲ್ಲಿ ತಮಗೇ ಸೀಟಿಲ್ಲ ಎಂದು ದಿನವೂ ಜಗಳ.

ಹರಿಣಾಕ್ಷಿ ಕಟಪಾಡಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇದರ ಅಗತ್ಯವೇ ಇರಲಿಲ್ಲ. ಆಗ ದಿವಾದಲ್ಲಿ ಜನರಿಗಿಂತ ಕೊಕ್ಕರೆಗಳೇ ಹೆಚ್ಚು. ಸ್ಟೇಷನ್ನಿನಿಂದ ಇಳಿದರೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ಉಪ್ಪು ನೀರಿನ ಖಾಡಿ. ಅದರ ಅಂಚಿನಲ್ಲಿ ಅಲ್ಲಿಯ ಮೂಲದವರಾದ ಆಗ್ರಿ ಜನರ ಹಳೆಯ ಮನೆಗಳು. ಅವರ ಬಾವಿಗಳಿಂದ ಹರಿಣಾಕ್ಷಿಯೂ ನೀರು ಸೇದಿದ್ದಳು. ‘ಬೊಂಬಾಯಿಗೆ ಅಂತ ಹೇಳಿ ಇದೆಂಥ ಹಳ್ಳಿಗೆ ಕರಕೊಂಡು ಬಂದ್ರಿ’ ಎಂದು ಅವಳು ಕೇಳಿದಾಗ ಅವಳ ಗಂಡ ಕುಶಲ, ‘ಸ್ವಲ್ಪ ತಡೀ, ಬೊಂಬಾಯಿಯೇ ಇಲ್ಲಿಗೆ ಬರ್ತದೆ’ ಎಂದಿದ್ದ.

ಬಂತು. ಗದ್ದೆಗಳಿಗೆ ಮಣ್ಣು ಬಿತ್ತು. ಗೋಡೆಗೆ ಗೋಡೆ ತಾಗುವಂತೆ ನಾಲ್ಕು ಮಾಳಿಗೆಯ, ಐದು ಮಾಳಿಗೆಯ ಕಟ್ಟಡಗಳೆದ್ದವು. ಈಚೆಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಆಚೆಯವರು ಸೀನುವಷ್ಟು ಹತ್ತಿರ. ಮುಂಬಯಿಯಲ್ಲಿ ಮನೆ ಮಾಡಲಾಗದವರು, ಡೊಂಬಿವಲಿಯಲ್ಲೂ ಆಗದವರು, ಎಲ್ಲರೂ ದಿವಾಕ್ಕೆ ಬಂದರು. ಕಸ ಸುಡುವ ಹೊಗೆ ಬಂತು, ನೀರಿನ ಟ್ಯಾಂಕರು ಬಂತು, ರೈಲ್ವೆ ಗೇಟಿನ ಬಳಿ ದಾಟಲಾಗದೆ ನಿಲ್ಲುವ ರಿಕ್ಷಾಗಳ ಸಾಲು ಬಂತು. ಗಾಡಿ ಹತ್ತಲಾಗದ ದಿನಗಳು ಬಂದಾಗ ರಿಟರ್ನ್ ಹೋಗುವ ಉಪಾಯವನ್ನೂ ಕುಶಲನೇ ಕಲಿಸಿಕೊಟ್ಟ. ಮಂಗಳೂರಿನ ಗಾಡಿ ದಿನಾ ಮಧ್ಯಾಹ್ನ ಅವರ ಕಟ್ಟಡದ ಹಿಂದೆಯೇ ಹಾದುಹೋಗುತ್ತಿತ್ತು. ಆದರೆ ದಿವಾದಲ್ಲಿ ಅದು ನಿಲ್ಲುತ್ತಿರಲಿಲ್ಲ. ಊರಿಗೆ ಹೋಗುವಾಗ ಪೆಟ್ಟಿಗೆ ಹೊತ್ತುಕೊಂಡು ಥಾಣೆಗೆ ಹೋಗಿ ಹತ್ತಿ, ತಮ್ಮ ಮನೆಯ ಕಿಟಕಿಯನ್ನು ತಾವೇ ನೋಡಿಕೊಂಡು ಮುಂದೆ ಹೋಗಬೇಕಾಗಿತ್ತು. ಮಗಳು ಅಶ್ಮಿತಾ ಚಿಕ್ಕವಳಿದ್ದಾಗ ಆ ಕಿಟಕಿಗೆ ಕೈ ಬೀಸುತ್ತಿದ್ದಳು.

ಕುಶಲ ಥಾಣೆಯ ನೌಪಾಡಾದಲ್ಲಿ ಪ್ರೇಮನಾಥರ ಹೊಟೇಲಿನ ಗಲ್ಲಾದಲ್ಲಿ, ಎಂದರೆ ಬಾಗಿಲ ಬಳಿಯ ಕ್ಯಾಶಿನ ಕುರ್ಚಿಯಲ್ಲಿ, ಕೂರುತ್ತಿದ್ದ. ಹರಿಣಾಕ್ಷಿ ಅದೇ ನೌಪಾಡಾದ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಹೆಂಗಸರ, ಗಂಡಸರ ಬೇರೆ ಬೇರೆ ಡಬ್ಬಿಗಳಲ್ಲಿ ಹೋಗಿ ಥಾಣೆಯಲ್ಲಿ ಕೂಡಿಕೊಳ್ಳುತ್ತಿದ್ದರು. ಲಾಕ್‌ಡೌನಿನಲ್ಲಿ ಮುಚ್ಚಿದ ಶಿಶುವಿಹಾರ ಮತ್ತೆ ತೆರೆಯಲಿಲ್ಲ. ಅಂದಿನಿಂದ ಅವಳು ಮನೆಯಲ್ಲೇ ಉಳಿದಳು. ಬೆಳಗಿನ ಗಾಡಿಯ ಮುಖ ನೋಡಿರಲಿಲ್ಲ.

ಈ ಸಲದ ಮಳೆಗಾಲದ ಆರಂಭದಲ್ಲಿ ಒಂದು ದಿನ ಹೊಟೇಲಿನ ಫೋನು ಬಂತು. ಕುಶಲ ಗಲ್ಲಾದ ಮೇಜಿಗೆ ತಲೆಯಿಟ್ಟಿದ್ದನಂತೆ. ತೂಕಡಿಸುತ್ತಿದ್ದಾನೆಂದು ಗಿರಾಕಿಗಳು ಅವನನ್ನು ಎಬ್ಬಿಸದೆ, ಹಣವನ್ನು ಪಕ್ಕದಲ್ಲಿಟ್ಟು ಹೋಗಿದ್ದರಂತೆ. ಅವಳು ಥಾಣೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಹರಿಣಾಕ್ಷಿ ಅಳಲಿಲ್ಲ. ಬೊಜ್ಜದ, ಎಂದರೆ ಉತ್ತರಕ್ರಿಯೆಯ ದಿನ ಎಷ್ಟು ಜನ ಊಟಕ್ಕೆ ಉಳಿಯುತ್ತಾರೆ, ಯಾರಿಗೆ ರಿಕ್ಷಾ ಬೇಕು ಎಂದು ಅವಳೇ ವಿಚಾರಿಸಿಕೊಂಡಳು. ‘ಗಟ್ಟಿ ಹೆಂಗಸು’ ಎಂದರು ಕೆಲವರು. ಬೇರೆ ಕೆಲವರು ಬೇರೆ ರೀತಿ ಹೇಳಿದರು. ಎರಡೂ ಅವಳ ಕಿವಿಗೆ ಬಿತ್ತು, ಎರಡರಿಂದಲೂ ಏನೂ ಆಗಲಿಲ್ಲ. ಒಮ್ಮೆ ಕಾವಲಿ ಇಳಿಸುವಾಗ ಬೆರಳು ಸುಟ್ಟದ್ದು ಗುಳ್ಳೆ ಎದ್ದ ಮೇಲೆಯೇ ಗೊತ್ತಾಯಿತು. ಟಿವಿಯಲ್ಲಿ ಯಾವ ಭಾಷೆ ಬರುತ್ತಿದೆ ಎಂಬುದನ್ನೂ ಗಮನಿಸದೆ ಸಂಜೆಯವರೆಗೆ ಅದರ ಮುಂದೆ ಕುಳಿತಿರುತ್ತಿದ್ದಳು.

ಒಂದು ಭಾನುವಾರ ಪ್ರೇಮನಾಥರು ಬಂದರು. ವಯಸ್ಸಾದವರು, ಮೊಣಗಂಟು ನೋವಿನವರು. ಮೆಟ್ಟಿಲು ಹತ್ತಿ ಬಂದು ಸುಧಾರಿಸಿಕೊಳ್ಳುವುದಕ್ಕೇ ಹೊತ್ತು ಬೇಕಾಯಿತು.

‘ನೋಡು ಹರಿಣಾಕ್ಷಿ, ಗಲ್ಲಾ ಎಷ್ಟು ದಿನ ಅಂತ ಹಾಗೇ ಇಡ್ಲಿಕ್ಕೆ ಆಗ್ತದೆ? ನಾನು ಕೂತರೆ ಏಳ್ಲಿಕ್ಕೆ ಇಬ್ಬರು ಬೇಕು. ನನ್ನ ತಂಗಿಯ ಮಗ ಭುಜಂಗ ಊರಿನಿಂದ ಬಂದು ಕೆಲಸಕ್ಕೆ ಕಾದಿದ್ದಾನೆ. ಆದರೆ ಮೊದಲ ಮರ್ಯಾದೆ ನಿನ್ನದು. ಕುಶಲನ ಜಾಗ ಅದು. ನಾಳೆ ಬೆಳಿಗ್ಗೆ, ಗದ್ದಲ ಸುರುವಾಗುವ ಮೊದಲು, ಬಂದು ಕೂತುಕೋ. ಬರದಿದ್ದರೆ ಅವನನ್ನು ಕೂರಿಸ್ತೇನೆ. ಬೇಜಾರು ಮಾಡ್ಬೇಡ.’

‘ಬೇಜಾರು ಎಂತದು ಪ್ರೇಮಣ್ಣ’ ಎಂದಳು ಹರಿಣಾಕ್ಷಿ. ಆ ಮಾತು ನಿಜವೇ ಆಗಿತ್ತು.

ಆಗ ಅಶ್ಮಿತಾ ಮತ್ತು ಅವಳ ಗಂಡ ಮನೀಷ್ ಕೂಡ ಮನೆಯಲ್ಲಿದ್ದರು. ಅಮ್ಮನನ್ನು ಖಾರ್ಘರ್‌ನ ತಮ್ಮ ಫ್ಲ್ಯಾಟಿಗೆ ಕರೆದೊಯ್ಯಬೇಕೆಂದು, ದಿವಾದ ಮನೆಯನ್ನು ಬಾಡಿಗೆಗೆ ಕೊಡಬೇಕೆಂದು ಬಂದವರು. ಇಲ್ಲೇ ಹುಟ್ಟಿ ಬೆಳೆದ ಅಶ್ಮಿತಾಳಿಗೆ ತುಳುವೂ ಕನ್ನಡವೂ ಅರ್ಥವಾಗುತ್ತದೆ. ಆದರೆ ಬಾಯಿ ತೆರೆದರೆ ಬರುವುದು ಹೆಚ್ಚಾಗಿ ಹಿಂದಿ.

‘ಮಮ್ಮಿ, ಬಸ್ ಹೋ ಗಯಾ ಯೇ ದಿವಾ. ನೀರು ಬರಲ್ಲ, ಲೈಟ್ ಇರಲ್ಲ. ಅಕೇಲಿ ಕ್ಯಾ ಕರೇಗಿ ಇಧರ್?’ ಒಬ್ಬಳೇ ಇಲ್ಲಿ ಏನು ಮಾಡುತ್ತೀ ಎಂದು.

ಹರಿಣಾಕ್ಷಿ ಹೇಳಿದಳು: ‘ನಾಳೆ ಹೊಟೇಲಿಗೆ ಹೋಗ್ತೇನೆ. ಅಲ್ಲಿ ನನಗೆ ಕೆಲಸ ಉಂಟಾದರೆ ದಿವಾದಲ್ಲೇ ಇರ್ತೇನೆ. ಇಲ್ಲದಿದ್ದರೆ ನೀವು ಹೇಳಿದ ಹಾಗೆ.’

‘ಪಕ್ಕಾ?’ ಎಂದಳು ಅಶ್ಮಿತಾ.

‘ಪಕ್ಕಾ.’

ತಾನು ಯಾಕೆ ಹಾಗೆ ಹೇಳಿದೆ ಎಂಬುದು ಹರಿಣಾಕ್ಷಿಗೂ ಸ್ಪಷ್ಟವಿರಲಿಲ್ಲ. ದಿವಾದ ಮೇಲೆ ಪ್ರೀತಿ ಉಕ್ಕಿ ಬಂದಿರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಹೋಗಿ ಕುಳಿತರೆ ಏನಾದರೂ ಆದೀತು, ತನ್ನೊಳಗೆ ಕಟ್ಟಿಕೊಂಡದ್ದು ಕರಗೀತು ಎಂಬ ಒಂದು ಯೋಚನೆ ಮಾತ್ರ ಇತ್ತು.

ಸೋಮವಾರ ಬೆಳಿಗ್ಗೆ ಸೀರೆಯುಟ್ಟು ಹೊರಟಳು. ಗೇಟಿನ ಬಳಿಯ ರಿಕ್ಷಾಗಳ ನಡುವೆ ನುಸುಳಿ ಸ್ಟೇಷನ್ನಿಗೆ ಬಂದಳು. ಥಾಣೆಯ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸನ್ನದ್ಧರಾಗಿ ನಿಂತಿದ್ದರು. ಗಾಡಿ ಬಂತು, ನಾಲ್ಕು ಜನ ತೂರಿಕೊಂಡರು, ಉಳಿದವರು ಹಾಗೇ ಉಳಿದರು. ಹರಿಣಾಕ್ಷಿಯ ಕಾಲುಗಳು ತಾವಾಗಿಯೇ ಸೇತುವೆ ಹತ್ತಿ ಎದುರಿನ ಪ್ಲಾಟ್‌ಫಾರ್ಮಿಗೆ ಇಳಿದವು. ಏಳೂವರೆಯ ಸುಮಾರಿಗೆ ಡೊಂಬಿವಲಿಯಲ್ಲಿ ತಿರುಗುವ ಗಾಡಿ. ಹದಿನೈದು ವರ್ಷ ಅದನ್ನೇ ಹಿಡಿದವಳು. ಗಾಡಿ ಹೊತ್ತಿಗೆ ಸರಿಯಾಗಿ ಬಂತು. ಇಂಡಿಕೇಟರ್ ಕಡೆಗೆ ಅವಳು ಕಣ್ಣೆತ್ತಿ ನೋಡಲಿಲ್ಲ. ದಿವಾದವರು ಯಾರೂ ನೋಡುವುದಿಲ್ಲ, ಹೊತ್ತಿನಿಂದಲೇ ಗುರುತಿಸುತ್ತಾರೆ. ಹೆಂಗಸರ ಡಬ್ಬಿ ಬಹುಪಾಲು ಖಾಲಿ. ಕಿಟಕಿಯ ಬಳಿ ಕುಳಿತಳು. ತನ್ನ ಜೊತೆ ದಿವಾದ ಬೇರೆ ಹೆಂಗಸರು ಯಾರೂ ಹತ್ತಲಿಲ್ಲವೆಂಬುದೂ ಅವಳ ಗಮನಕ್ಕೆ ಬರಲಿಲ್ಲ.

ಕೋಪರ್ ಹೋಯಿತು. ಡೊಂಬಿವಲಿ ಬಂತು. ಗಾಡಿ ನಿಂತಿತು. ಜನ ನುಗ್ಗುವುದನ್ನು ಕಾಯುತ್ತ ಹರಿಣಾಕ್ಷಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಯಾರೂ ನುಗ್ಗಲಿಲ್ಲ. ಗಾಡಿ ಮತ್ತೆ ಮುಂದಕ್ಕೇ ಹೊರಟಿತು.

ಎದುರು ಕುಳಿತಿದ್ದ ಸೊಪ್ಪು ಮಾರುವ ಹೆಂಗಸು ಅವಳ ಮುಖ ನೋಡಿ, ‘ಕುಠೇ ಜಾಯಚಂ ತುಲಾ?’ ಎಂದು ಮರಾಠಿಯಲ್ಲಿ ಕೇಳಿದಳು. ಎಲ್ಲಿಗೆ ಹೋಗಬೇಕು ನಿನಗೆ ಎಂದು.

‘ಥಾಣೆ.’

‘ಅಗ ಬಾಯಿ! ಹೀ ಟಿಟ್ವಾಲಾ ಲೋಕಲ್!’ ಎಂದು ಅವಳು ಬುಟ್ಟಿಯ ಮೇಲೆ ಕೈ ಬಡಿದು ನಕ್ಕಳು. ಈ ಗಾಡಿ ಈಗ ಡೊಂಬಿವಲಿಯಲ್ಲಿ ತಿರುಗುವುದಿಲ್ಲ, ಕಲ್ಯಾಣ ದಾಟಿ ಟಿಟ್ವಾಲಾದವರೆಗೆ ಹೋಗುತ್ತದೆ, ಟೈಮ್‌ಟೇಬಲ್ ಬದಲಾಗಿ ಎಷ್ಟೋ ಕಾಲವಾಯಿತು, ಕಲ್ಯಾಣದಲ್ಲಿ ಇಳಿದು ಬೇರೆ ಗಾಡಿ ಹಿಡಿ, ಓಡಿದರೆ ಸಿಗುತ್ತದೆ ಎಂದು ವಿವರವಾಗಿ ಹೇಳಿದಳು.

ಕಲ್ಯಾಣ ಬಂತು. ಹೆಂಗಸು, ‘ಉತರ್, ಉತರ್’ ಎಂದು ಅವಸರಪಡಿಸಿದಳು. ಇಳಿದರೆ ಇನ್ನೂ ಹೊತ್ತು ಮೀರಿರಲಿಲ್ಲ. ಹರಿಣಾಕ್ಷಿಗೆ ಅದು ಗೊತ್ತಿತ್ತು. ತಾನು ಏಳದಿದ್ದರೆ ಭುಜಂಗ ಗಲ್ಲಾದಲ್ಲಿ ಕೂರುತ್ತಾನೆ, ತನ್ನ ಬಟ್ಟೆಬರೆ ಖಾರ್ಘರ್‌ಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಏಳಲಿಲ್ಲ. ಬೇಡವೆಂದು ಹಟ ಹಿಡಿದದ್ದಲ್ಲ. ಏಳಬೇಕು ಎಂಬ ಮಾತು ತಲೆಯಿಂದ ಕಾಲಿಗೆ ಇಳಿಯಲಿಲ್ಲ, ಅಷ್ಟೆ. ಸೊಪ್ಪಿನ ಹೆಂಗಸು ತಾನೇ ಬುಟ್ಟಿ ಹೊತ್ತು ಇಳಿಯುತ್ತ, ಇದಕ್ಕೇನೋ ಆಗಿದೆ ಎಂಬಂತೆ ತಿರುಗಿ ನೋಡಿದಳು.

ಶಹಾಡ, ಅಂಬಿವಲಿ ದಾಟಿ ಗಾಡಿ ಟಿಟ್ವಾಲಾದಲ್ಲಿ ನಿಂತಿತು. ಡಬ್ಬಿಯಲ್ಲಿ ಅವಳೊಬ್ಬಳೇ. ಹೊರಗೆ ಹಸಿರು ಗುಡ್ಡ, ಮೋಡ. ಚೀಲದಲ್ಲಿ ಫೋನು ಬಡಿಯತೊಡಗಿತು. ತೆಗೆದು ನೋಡಿದರೆ ‘ಹೊಟೇಲ್’. ಅಂದು ಕುಶಲನ ಸುದ್ದಿ ಬಂದದ್ದೂ ಇದೇ ನಂಬರಿನಿಂದ. ನಿಲ್ಲುವವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಮತ್ತೊಮ್ಮೆ ಬಡಿಯಿತು. ಮತ್ತೊಮ್ಮೆ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಅದೇ ಗಾಡಿ ಮುಂಬಯಿಯ ಕಡೆಗೆ ಹೊರಟಿತು. ಅವಳು ಕೂತಲ್ಲೇ ಕೂತಿದ್ದಳು.

ಕಲ್ಯಾಣದಲ್ಲಿ ಡಬ್ಬಿ ತುಂಬಿತು, ಡೊಂಬಿವಲಿಯಲ್ಲಿ ಉಕ್ಕಿತು. ಆ ಗದ್ದಲದಿಂದ ಒಂದು ಕೈ ಬಂದು ಹರಿಣಾಕ್ಷಿಯ ಭುಜ ಹಿಡಿದು ಅಲುಗಿಸಿತು.

‘ಏ ಹರಿಣಾಕ್ಷಿ! ನೀನಾ ಮಾರಾಯ್ತಿ! ಎಷ್ಟು ವರ್ಷ ಆಯ್ತು!’

ಶಿಶುವಿಹಾರದಲ್ಲಿ ಅವಳ ಜೊತೆ ಕೆಲಸ ಮಾಡಿದ ಚಂಪಾ. ಡೊಂಬಿವಲಿಯವಳು, ಈಗ ಮುಲುಂಡಿನಲ್ಲಿ ಎಲ್ಲೋ ಕೆಲಸ. ಮೊದಲಿನಿಂದಲೂ ಮಾತುಗಾರ್ತಿ.

‘ಎಲ್ಲಿಂದ ಸವಾರಿ? ಟಿಟ್ವಾಲಾ ಗಣಪತಿಗೆ ಹೋಗಿದ್ದೆಯಾ?’

‘ಇಲ್ಲ. ರಿಟರ್ನ್.’

‘ಟಿಟ್ವಾಲಾದವರೆಗೆ ರಿಟರ್ನಾ? ದೇವರೇ! ಈ ದಿವಾದವರಿಗೆ ಮಾನ ಮರ್ಯಾದೆ ಇಲ್ಲ ನೋಡು. ಮೊದಲು ಡೊಂಬಿವಲಿ ನುಂಗಿದಿರಿ. ಇನ್ನು ಕಸಾರಾ ಘಾಟಿಯವರೆಗೂ ಹೋಗಿ ಸೀಟು ಹಿಡ್ಕೊಂಡು ಬರ್ತೀರಿ!’ ಚಂಪಾ ನಗುತ್ತ ಪಕ್ಕದವಳಿಗೂ ಅದನ್ನು ಹಿಂದಿಯಲ್ಲಿ ಹೇಳಿದಳು. ಅವಳೂ ನಕ್ಕಳು. ‘ಅದಿರಲಿ, ಕುಶಲಣ್ಣ ಹೇಗಿದ್ದಾರೆ?’

‘ತೀರಿಹೋದರು.’

ಚಂಪಾ ಅವಳ ಕಡೆಗೆ ಬಗ್ಗಿದಳು. ಯಾವಾಗ, ಹೇಗೆ ಎಂದು ಕೇಳಿದಳು. ಹರಿಣಾಕ್ಷಿ ಹೇಳಿದಳು, ಮೇಜಿಗೆ ತಲೆಯಿಟ್ಟದ್ದನ್ನು, ಗಿರಾಕಿಗಳು ಎಬ್ಬಿಸದಿದ್ದುದನ್ನು. ಹೇಳಿ ಹೇಳಿ ಸಲೀಸಾಗಿತ್ತು. ಚಂಪಾ ಆ ನೂಕುನುಗ್ಗಲಿನ ನಡುವೆ ನಿಂತಲ್ಲೇ ಗಳಗಳನೆ ಅಳತೊಡಗಿದಳು. ‘ನನ್ನ ಮಗುವಿನ ನಾಮಕರಣಕ್ಕೆ ಹೊಟೇಲಿನಿಂದ ಎಷ್ಟು ದೊಡ್ಡ ಡಬ್ಬಿ ಹೋಳಿಗೆ ಹೊತ್ತು ತಂದಿದ್ದರು’ ಎಂದು ಬಿಕ್ಕಿದಳು.

‘ಕ್ಯಾ ಹುವಾ?’ ಎಂದು ಸುತ್ತಲಿನವರು ಕೇಳಿದರು. ಯಾರೋ, ‘ಇನಕೇ ಪತಿ ಗುಜರ್ ಗಯೇ’ ಎಂದರು. ಅಳುತ್ತಿರುವವಳ ಗಂಡನೇ ಸತ್ತದ್ದೆಂದು ಎಲ್ಲರೂ ತಿಳಿದುಕೊಂಡರು. ಒಬ್ಬಳು ಚಂಪಾಳ ಬೆನ್ನು ಸವರಿದಳು. ಇನ್ನೊಬ್ಬಳು ನೀರಿನ ಬಾಟಲಿ ಮುಂದೆ ಹಿಡಿದಳು. ಅದರ ಮುಚ್ಚಳ ಬಿಗಿಯಾಗಿತ್ತು. ಹರಿಣಾಕ್ಷಿ ತೆಗೆದುಕೊಟ್ಟಳು. ತಿದ್ದಿ ಹೇಳಬೇಕೆಂದು ಅವಳಿಗೆ ಅನಿಸಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಬಗ್ಗಿ, ‘ಆಂಟಿ, ಆಪ್ ಕಹಾಂ ಉತರೇಂಗೀ?’ ಎಂದು ಕೇಳಿದಳು. ಇಳಿಯುವವರನ್ನು ಮೊದಲೇ ಕೇಳಿ ಸೀಟು ಕಾದಿರಿಸುವುದು ಹೆಂಗಸರ ಡಬ್ಬಿಯ ಪದ್ಧತಿ.

‘ಥಾಣೆ’ ಎಂದು ಹೇಳಿ ಹರಿಣಾಕ್ಷಿ ಆಗಲೇ ಎದ್ದು ನಿಂತಳು. ‘ಚಂಪಾ, ನೀನು ಕೂತುಕೋ.’

‘ಅರೇ, ಪೂಛಾ ಮೈನೇ ಥಾ ನಾ!’ ಕೇಳಿದ್ದು ನಾನಲ್ಲವೇ ಎಂದು ಹುಡುಗಿ ಸಿಡುಕಿದಳು. ಆದರೆ ಅಳುವವಳನ್ನು ಕಂಡು ಹಿಂದೆ ಸರಿದಳು.

ಎದ್ದವಳನ್ನು ಜನರೇ ಬಾಗಿಲ ಕಡೆಗೆ ತಳ್ಳಿಕೊಂಡು ಹೋದರು. ದಿವಾ ಬಂತು. ತಾನು ಬೆಳಿಗ್ಗೆ ನಿಂತು ಬಿಟ್ಟುಬಂದ ಪ್ಲಾಟ್‌ಫಾರ್ಮನ್ನು ಹರಿಣಾಕ್ಷಿ ಗಾಡಿಯ ಒಳಗಿನಿಂದ ನೋಡಿದಳು. ಹೆಂಗಸರು ಕಂಬಿಗೆ ಕೈ ಚಾಚುತ್ತಿದ್ದರು. ಒಳಗಿನವರು ‘ಜಗಾ ನಹೀ, ಜಗಾ ನಹೀ’ ಎಂದು ಕೂಗುತ್ತಿದ್ದರು. ಒಬ್ಬಳು ಕಾಲಿಟ್ಟು, ಹಿಡಿಯಲು ಬೇರೇನೂ ಸಿಗದೆ ಹರಿಣಾಕ್ಷಿಯ ಮುಂಗೈಯನ್ನೇ ಹಿಡಿದಳು. ಹರಿಣಾಕ್ಷಿ ಎಳೆದುಕೊಂಡಳು. ಗಾಡಿ ಹೊರಟಿತು. ಆ ಹೆಂಗಸು ‘ಥ್ಯಾಂಕ್ಯೂ ತಾಈ’ ಎಂದು ಮರಾಠಿಯಲ್ಲಿ ಅಕ್ಕನೆಂದು ಕರೆದು ಮೊಬೈಲು ತೆಗೆದಳು. ಅವಳ ಬಳೆ ಒತ್ತಿ ಹರಿಣಾಕ್ಷಿಯ ಚರ್ಮ ತರಚಿತ್ತು.

ನೌಪಾಡಾದ ಹೊಟೇಲಿಗೆ ಮುಟ್ಟುವಾಗ ಬೆಳಗಿನ ಗದ್ದಲವೆಲ್ಲ ಇಳಿದಿತ್ತು. ಗಲ್ಲಾದಲ್ಲಿ ಇಸ್ತ್ರಿ ಹಾಕಿದ ಅಂಗಿಯ ಭುಜಂಗ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಪ್ರೇಮನಾಥರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಿದ್ದರು.

‘ಎಷ್ಟು ಸಲ ಫೋನ್ ಮಾಡಿದೆ! ಕೇಳ್ಲಿಲ್ವಾ?’ ಎಂದರು ಅವರು.

‘ಕೇಳಿತು.’

‘ಕೇಳಿತಾ? ಮತ್ತೆ ತೆಗೀಲಿಕ್ಕೆ ಎಂತ ಆಗಿತ್ತು? ಎಲ್ಲಿದ್ದೆ ಇಷ್ಟು ಹೊತ್ತು?’

‘ಟಿಟ್ವಾಲಾದಲ್ಲಿ.’

ದೋಸೆ ಕಾವಲಿಯ ಬಳಿಯಿಂದ ಲತೀಶ ಗೊಳ್ಳೆಂದು ನಕ್ಕ. ಅವನೂ ದಿವಾದವನೇ. ‘ಅಕ್ಕ ಹಳೇ ಟೈಮಿನ ಗಾಡಿ ಹತ್ತಿದ್ದು ಧಣಿಗಳೇ! ಅದು ಈಗ ಡೊಂಬಿವಲಿಯಲ್ಲಿ ತಿರುಗುವುದಿಲ್ಲ. ಬದಲಾದ ಸುರುವಿಗೆ ನಾನೂ ಅಂಬಿವಲಿ ನೋಡಿ ಬಂದಿದ್ದೆ. ಅರ್ಧ ದಿವಾ ನೋಡಿ ಬಂದಿದೆ!’

ಪ್ರೇಮನಾಥರ ಮನೆ ಹೊಟೇಲಿನ ಹಿಂದಿನ ಗಲ್ಲಿಯಲ್ಲೇ, ಬೆಳಗಿನ ಲೋಕಲ್ ಹತ್ತಿದವರಲ್ಲ. ‘ಥಾಣೆಗೆ ಬರ್ಲಿಕ್ಕೆ ಟಿಟ್ವಾಲಾಕ್ಕೆ ಯಾಕೆ ಹೋಗ್ಬೇಕು ಮಾರಾಯ?’ ಎಂದು ಅವರು ಕೇಳಿದರು. ಲತೀಶ ವಿವರಿಸಿದ. ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

‘ಅದೆಲ್ಲ ಇರಲಿ’ ಎಂದು ಅವರು ಹರಿಣಾಕ್ಷಿಯ ಕಡೆಗೆ ತಿರುಗಿದರು. ಮುಖ ಸಪ್ಪೆಯಾಗಿತ್ತು. ‘ಆಗುವಷ್ಟು ಹೊತ್ತು ಕಾದೆ. ಜನ ಬಂದು ನಿಂತರು, ಇವನನ್ನು ಕೂರಿಸಿದೆ. ಮಾತು ಕೊಟ್ಟು ಕೂರಿಸಿದವನನ್ನು ಅದೇ ದಿನ ಏಳಿಸುವುದು ಹೇಗೆ, ನೀನೇ ಹೇಳು.’

ಭುಜಂಗ ಕೂತೂ ಕೂರದ ಹಾಗೆ ಸ್ವಲ್ಪ ಎದ್ದ. ಹರಿಣಾಕ್ಷಿ ಆ ಕುರ್ಚಿಯನ್ನು ನೋಡಿದಳು. ಮೇಜನ್ನೂ ನೋಡಿದಳು. ಸೋಂಪಿನ ತಟ್ಟೆ, ಬಿಲ್ಲು ಚುಚ್ಚುವ ಕಡ್ಡಿ, ಊದುಬತ್ತಿಯ ಬೂದಿ. ಏನೂ ಆಗಲಿಲ್ಲ. ಕುರ್ಚಿ ಕುರ್ಚಿಯಾಗಿಯೇ ಇತ್ತು. ಇನ್ನು ತಿರುಗಿ ನಡೆದರೆ ಸಂಜೆಯ ಹೊತ್ತಿಗೆ ಖಾರ್ಘರ್.

‘ಏಳಿಸಬೇಡಿ ಪ್ರೇಮಣ್ಣ’ ಎಂದಳು. ಸ್ವಲ್ಪ ತಡೆದು ಕೇಳಿದಳು: ‘ಒಳಗೆ ಎಂತದಾದರೂ ಉಂಟಾ?’

‘ಒಳಗಾ? ಚಟ್ನಿಗೆ ಇದ್ದವ ಊರಿಗೆ ಹೋದವ ಬರ್ಲೇ ಇಲ್ಲ. ಲತೀಶನೇ ಎರಡೂ ಎಳೀತಿದ್ದಾನೆ. ಆದರೆ ನಿನ್ನನ್ನು ಕಾಯಿ ತುರಿಯಲಿಕ್ಕೆ ಕೂರಿಸಿದರೆ ಜನ ನನಗೆ ಎಂತ ಹೇಳಿಯಾರು? ಕುಶಲನ ಹೆಂಡತಿ ನೀನು.’

‘ನಮ್ಮ ಮನೆಯವರೂ ಒಳಗಿಂದಲೇ ಅಲ್ವಾ ಗಲ್ಲಾಕ್ಕೆ ಬಂದದ್ದು.’

ಪ್ರೇಮನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಲತೀಶ ಒಳಗಿನಿಂದ, ‘ಬನ್ನಿ ಅಕ್ಕ, ಬನ್ನಿ. ನನ್ನ ಚಟ್ನಿ ತಿಂದು ಗಿರಾಕಿಗಳೂ ಟಿಟ್ವಾಲಾಕ್ಕೆ ಓಡುವ ಹಾಗೆ ಆಗಿದೆ’ ಎಂದು ಕರೆದ.

ಹರಿಣಾಕ್ಷಿ ಚೀಲವನ್ನು ಮೊಳೆಗೆ ತೂಗುಹಾಕಿ, ಕೈ ತೊಳೆದು, ಸೆರಗು ಬಿಗಿದು ಕುಳಿತಳು. ಕಾಯಿ ತುರಿದಳು, ಹಸಿಮೆಣಸು ಮುರಿದು ಹಾಕಿದಳು, ಗ್ರೈಂಡರಿನ ಸದ್ದು ಕೇಳುತ್ತ ನಿಂತಳು. ತರಚಿದ ಮುಂಗೈಗೆ ಉಪ್ಪುನೀರು ತಾಗಿದಾಗ ಚುರುಚುರು ಎಂದಿತು. ಅದನ್ನು ನಲ್ಲಿಯ ಕೆಳಗೆ ಹಿಡಿದು ಮತ್ತೆ ಕೆಲಸಕ್ಕೆ ಬಂದಳು. ದುಃಖವೂ ಬರಲಿಲ್ಲ, ಸಮಾಧಾನವೂ ಬರಲಿಲ್ಲ. ಹೊತ್ತು ಮಾತ್ರ ಹೋಯಿತು. ಮನೆಯಲ್ಲಿ ಇಷ್ಟು ಬೇಗ ಅದು ಹೋಗುತ್ತಿರಲಿಲ್ಲ.

ಮಧ್ಯಾಹ್ನ ಅಶ್ಮಿತಾಳ ಫೋನು ಬಂದಾಗ ಎತ್ತಿಕೊಂಡಳು.

‘ಮಮ್ಮಿ, ಗಲ್ಲಾ ಮಿಲಾ?’

‘ಇಲ್ಲ. ಭುಜಂಗ ಕೂತಿದ್ದಾನೆ.’

‘ದೇಖಾ! ಮೈನೇ ಬೋಲಾ ಥಾ. ಸಂಜೆ ಮನೀಷ್ ಕಾರ್ ತರ್ತಾನೆ. ಬ್ಯಾಗ್ ಭರ್ ಕೇ ರಖ್.’

‘ಬೇಡ. ಒಳಗೆ ಚಟ್ನಿಯ ಕೆಲಸ ಉಂಟು. ನಾಳೆಯೂ ಬರ್ಬೇಕು.’

‘ಚಟ್ನಿ? ಚಟ್ನಿ ಕೇ ಲಿಯೇ ದಿವಾ ಮೇಂ ರಹೇಗಿ ತೂ?’

‘ಕೆಲಸ ಇದ್ದರೆ ದಿವಾ ಅಂತಲೇ ಅಲ್ವಾ ನಾನು ಹೇಳಿದ್ದು.’

ಆ ಕಡೆ ಅಶ್ಮಿತಾ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ‘ತೂ ಖುಷ್ ಹೈ ಕ್ಯಾ, ಮಮ್ಮಿ?’

ಹರಿಣಾಕ್ಷಿ ಯೋಚಿಸಿ ನೋಡಿದಳು. ಮಗಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

‘ಗೊತ್ತಾಗುವುದಿಲ್ಲ ಮಗಾ.’

ಆಮೇಲೆ ಅಶ್ಮಿತಾ, ಎಷ್ಟೋ ದಿನಗಳ ಮೇಲೆ, ಹಿಂದಿ ಬಿಟ್ಟು ತಡವರಿಸುತ್ತ ತುಳುವಿನಲ್ಲಿ ಕೇಳಿದಳು, ನಾಳೆ ಎಷ್ಟು ಹೊತ್ತಿಗೆ ಮನೆಯಿಂದ ಹೊರಡು­ತ್ತೀ ಎಂದು.

‘ಬೇಗ’ ಎಂದಳು ಹರಿಣಾಕ್ಷಿ. ‘ಇಡ್ತೇನೆ ಈಗ. ಸಂಜೆಯ ಚಟ್ನಿಗೆ ಕಾಯಿ ಒಡೀಬೇಕು.’